ಅರ್ಧ ಇಂಚಿಗೊಂದು ಲಾರಿ

ಊರನ್ನು ನಾಲ್ಕೂ ದಿಕ್ಕಿಗೆ ಹಿಗ್ಗಿಸಿದ ಮಹಾನಗರ ಪ್ರಾಧಿಕಾರದ ಮಾನ್ಯ ಆಯುಕ್ತರೇ,

ಮುಚ್ಚಿಹೋದ ಬಸ್ ಡಿಪೋದಲ್ಲಿ ಅನಧಿಕೃತವಾಗಿ ಕೂತು ಕುರ್ಚಿ ಮಾಡುತ್ತಿರುವ ನಾವು ಕೂಡಲೇ ಜಾಗ ಖಾಲಿ ಮಾಡಬೇಕೆಂದು ತಮ್ಮ ಕಚೇರಿಯವರು ನೋಟಿಸ್ ಅಂಟಿಸಿ ಹೋಗಿದ್ದಾರೆ. ಅಂಟಿಸಿದ್ದು ಆಗತಾನೇ ಪಾಲಿಶ್ ಹಚ್ಚಿದ್ದ ಬೀರುವಿನ ಬಾಗಿಲಿಗೆ. ಕಿತ್ತರೆ ಪಾಲಿಶ್ ಎದ್ದುಬರುತ್ತದೆ, ಬಿಟ್ಟರೆ ಬೀರು ಕೊಂಡವರು ನಮ್ಮನ್ನು ಬಿಡುವುದಿಲ್ಲ. ತಮಗೊಬ್ಬರಿಗೇ ಉತ್ತರ ಬರೆದರೆ ಅದು ಕಡತದೊಳಗೆ ಸೇರಿ ನಿದ್ದೆಹೋದೀತು ಎಂಬ ಭಯದಿಂದ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವವಳು. ಗಂಡ ತೀರಿಕೊಂಡ ಮೇಲೆ ಅವರ ಅಂಗಡಿಯನ್ನು ನಾನೇ ನಡೆಸಿಕೊಂಡು ಬಂದೆ. ಆಗ ನಾವಿದ್ದದ್ದು ನಗರದೊಳಗಿನ ಒಂದು ಇಕ್ಕಟ್ಟು ಬೀದಿಯಲ್ಲಿ. ಎದುರಿಗೆ ನನ್ನ ಮೈದುನನ ಮರಗೆಲಸದ ಅಂಗಡಿ, ಅವನ ಪಕ್ಕದಲ್ಲಿ ಪಾಲಿಶ್ ಅಜ್ಜ, ಮೂಲೆಯಲ್ಲಿ ಮೊಳೆ, ಸ್ಪ್ರಿಂಗು ಮಾರುವಾಕೆ. ಬೀದಿಯವರೆಲ್ಲ ಸೇರಿ ಮೈದುನನಿಗಿಟ್ಟ ಹೆಸರು 'ಅರ್ಧ ಇಂಚು'. ಅವನ ಕೆಲಸ ಅಂದ, ಗಟ್ಟಿ, ಆದರೆ ಎಲ್ಲೋ ಒಂದು ಕಡೆ ಅರ್ಧ ಇಂಚು ಹೆಚ್ಚಿರದಿದ್ದರೆ ಅದು ಅವನ ಕೆಲಸವೇ ಅಲ್ಲ.

"ಲೋ, ಮತ್ತೆ ಒಂದು ಕಾಲು ಉದ್ದ ಆಯ್ತಲ್ಲೋ!" ಎಂದು ನಾನು ಕೂತಲ್ಲಿಂದಲೇ ಕೂಗುತ್ತಿದ್ದೆ.

"ಕಾಲು ಸರಿಯಾಗೇ ಇದೆ ಅತ್ತಿಗೆ, ನಿಮ್ಮ ನೆಲನೇ ತಗ್ಗು!" ಎನ್ನುತ್ತ ಅವನು ಗರಗಸ ಹಿಡಿದು ಬರುತ್ತಿದ್ದ. ಬೈಗುಳ ಮುಗಿಯುವುದರೊಳಗೆ ಕುರ್ಚಿ ನೆಟ್ಟಗಾಗುತ್ತಿತ್ತು. ಇಂಥ ಬೀದಿಯನ್ನು ತಮ್ಮ ಯೋಜನಾ ವಿಭಾಗವು 'ಅವ್ಯವಸ್ಥಿತ ದಟ್ಟಣೆ' ಎಂದು ಗುರುತಿಸಿತು. ನಗರ ಬೆಳೆದಿದೆ, ಸುತ್ತಲಿನ ಊರುಗಳೂ ಬೆಳೆಯಲಿ ಎಂಬ ಘನ ಉದ್ದೇಶದಿಂದ ಮರಗೆಲಸವನ್ನು ಉತ್ತರದ ಊರಿಗೂ, ಪಾಲಿಶನ್ನು ಪೂರ್ವಕ್ಕೂ, ಕುಶನ್ನನ್ನು ದಕ್ಷಿಣಕ್ಕೂ ಹಂಚಿದಿರಿ. ಊಟದ ಎಲೆಗೆ ಬಡಿಸಿದಷ್ಟು ಅಚ್ಚುಕಟ್ಟು! ಹೊಸ ಜಾಗ ವಿಶಾಲವಾಗಿತ್ತು, ಛಾವಣಿ ಸೋರುತ್ತಿರಲಿಲ್ಲ, ಇಲ್ಲವೆಂದು ಸುಳ್ಳು ಹೇಳಲಾರೆ. ಗರಗಸದ ಕಿರುಚಾಟ ತಪ್ಪಿತಲ್ಲ ಎಂದು ಮೊದಲ ವಾರ ನಾನಂತೂ ಹಾಯಾಗಿ ರೇಡಿಯೋ ಕೇಳಿದೆ.

ಆಮೇಲೆ ಹೆರಿಗೆ ಆಸ್ಪತ್ರೆಯ ಕೆಲಸ ಬಂತು. ಬಾಣಂತಿಯರು ಕೂತು ಮಗುವಿಗೆ ಹಾಲೂಡಿಸಲು ಕೈಯಿರುವ ಕುರ್ಚಿಗಳು ಬೇಕಿದ್ದವು. ಮೈದುನ ಚೌಕಟ್ಟು ಮಾಡಿ ಲಾರಿಗೆ ಹಾಕಿದ. ಲಾರಿ ನಗರವನ್ನು ಸುತ್ತಿ ಬಳಸಿ ನನ್ನಲ್ಲಿಗೆ ಬಂತು. ಇಳಿಸಿ ನೋಡಿದರೆ ಅವನು ತನ್ನ ಹೆಸರು ಉಳಿಸಿಕೊಂಡಿದ್ದ. ಫೋನ್ ಮಾಡಿದೆ.

"ಒಂದು ಫೋಟೋ ತೆಗೆದು ಕಳಿಸಿ ಅತ್ತಿಗೆ, ನೋಡ್ತೀನಿ."

"ಫೋಟೋದಲ್ಲಿ ಕುರ್ಚಿ ಅಲ್ಲಾಡಲ್ಲ ಕಣೋ!"

ಅರ್ಧ ಇಂಚು ತೆಗೆಯಲು ಒಂದು ಲಾರಿ ಉತ್ತರಕ್ಕೆ, ಪಾಲಿಶಿಗೆಂದು ಪೂರ್ವಕ್ಕೆ, ಕುಶನ್ನಿಗೆಂದು ನನ್ನಲ್ಲಿಗೆ, ದಾರಿಯಲ್ಲಿ ಗೀರು ಬಿದ್ದವನ್ನು ಹೊತ್ತುಕೊಂಡು ಮತ್ತೆ ಪೂರ್ವಕ್ಕೆ. ಅಷ್ಟರಲ್ಲಿ ಆಸ್ಪತ್ರೆಯ ಹಿರಿಯ ನರ್ಸಮ್ಮ ಖುದ್ದಾಗಿ ಬಂದರು.

"ಹೆರಿಗೆ ನಿಮ್ಮ ಕುರ್ಚಿಗೋಸ್ಕರ ಕಾಯ್ಕೊಂಡು ಕೂರುತ್ತೇನ್ರಿ?"

ಸಮತೋಲಿತ ಪ್ರಾದೇಶಿಕ ಅಭಿವೃದ್ಧಿ ಆಗುತ್ತಿದೆ, ತುಸು ತಡೆದು ಹೆರಲು ಹೇಳಿ ಎನ್ನಲೇ? ಕೆಲಸ ಕೈತಪ್ಪಿತು. ಎಲ್ಲಿಂದಲೋ ಹಡಗಿನಲ್ಲಿ ಬಂದ ಕುರ್ಚಿಗಳು ಆಸ್ಪತ್ರೆ ಸೇರಿದವು.

ನಮ್ಮ ಕಥೆ ಹಾಗಿರಲಿ, ತಾವು ಉದ್ಧಾರ ಮಾಡಹೊರಟ ಊರುಗಳ ಕಥೆ ಕೇಳಿ. ಕರಾವಳಿಯ ಪುಟ್ಟ ಊರಿನಿಂದ ಒಬ್ಬಾಕೆ ಕುಶನ್ನಿನೊಳಗೆ ಹಾಕುವ ತೆಂಗಿನ ನಾರಿನ ಹಾಸು ಕಳಿಸುತ್ತಿದ್ದಳು. ನಮ್ಮ ಬೀದಿಯ ಬಾಯಿಗೆ ಲಾರಿ ತಂದು ನಿಲ್ಲಿಸಿದರೆ ಎಲ್ಲರೂ ಇಳಿಸಿಕೊಂಡು ಸಂಜೆಗೆ ಲಾರಿ ಖಾಲಿ. ಈಗ ಅಲ್ಲಿಷ್ಟು ಇಲ್ಲಿಷ್ಟು ಕೊಡಲು ಹೋದರೆ ಗಿಟ್ಟುವುದಿಲ್ಲವೆಂದು ಅವಳು ಯಂತ್ರ ನಿಲ್ಲಿಸಿದಳು. ಅವಳಲ್ಲಿ ದುಡಿಯುತ್ತಿದ್ದ ಹತ್ತಾರು ಹೆಂಗಸರು ಕೆಲಸ ಕಳೆದುಕೊಂಡು ಮನೆಗೆ ಹೋದರು. ನಮ್ಮ ಇಕ್ಕಟ್ಟು ಬೀದಿಯನ್ನು ನಂಬಿಕೊಂಡು ದೂರದ ಒಂದು ಊರು ಒಲೆ ಹಚ್ಚುತ್ತಿತ್ತು ಎಂಬುದು ತಮ್ಮ ನಕ್ಷೆಯ ಯಾವ ಬಣ್ಣದಲ್ಲಿತ್ತು ಸ್ವಾಮೀ? ಸಮತೋಲ ಬಂದದ್ದೇನೋ ನಿಜ. ಎಲ್ಲ ಊರುಗಳೂ ಈಗ ಒಂದೇ ಸಮನೆ ಬಿಕೋ ಎನ್ನುತ್ತಿವೆ.

ಒಂದು ಮಧ್ಯಾಹ್ನ ಪಾಲಿಶ್ ಅಜ್ಜನನ್ನು ನೋಡಲು ಹೋದೆ. ದೊಡ್ಡ ಶೆಡ್ಡಿನ ನಡುವೆ ಒಬ್ಬರೇ ಕೂತು ಒಂದು ಪುಟ್ಟ ಸ್ಟೂಲಿಗೆ ಪಾಲಿಶ್ ಹಚ್ಚುತ್ತಿದ್ದರು. ಅವರ ಕಣ್ಣು ಮಂಜಾಗಿ ವರ್ಷಗಳಾಗಿವೆ. ಬೀದಿಯಲ್ಲಿದ್ದಾಗ ಹೋಗಿಬರುವವರನ್ನೆಲ್ಲ ತಡೆದು "ಹೊಳಪು ಬಂತಾ ನೋಡು" ಎಂದು ಕೇಳುತ್ತಿದ್ದರು. ಈ ಸ್ಟೂಲಿನ ಮೇಲೆ ಪಾಲಿಶ್ ಎಷ್ಟು ದಪ್ಪ ಕೂತಿತ್ತೆಂದರೆ ಮರದ ಗೆರೆಗಳೇ ಮುಚ್ಚಿಹೋಗಿದ್ದವು.

"ಇದೇನಜ್ಜಾ ಇಷ್ಟೊಂದು?"

"ಸಾಕು ಅನ್ನೋರು ಯಾರೂ ಇರ್ಲಿಲ್ಲಮ್ಮ."

ಅಲ್ಲಿಂದಲೇ ಮೈದುನನಿಗೆ ಫೋನ್ ಮಾಡಿದೆ. "ಗಾಡಿ ತಗೊಂಡು ಬಾ, ಅಜ್ಜನ್ನ ಕರ್ಕೊಂಡು ಹೋಗೋಣ."

"ಎಲ್ಲಿಗೆ ಅತ್ತಿಗೆ?"

"ಎಲ್ಲಾದ್ರೂ. ಒಟ್ಟಿಗೆ."

ಹೀಗೆ ನಾವು ಪಾಳುಬಿದ್ದ ಡಿಪೋ ಸೇರಿದೆವು. ಪಾರಿವಾಳಗಳು ಮಾತ್ರ ಆಕ್ಷೇಪಿಸಿದವು. ಮೊಳೆಯಾಕೆ ತಾನಾಗಿಯೇ ಹಿಂದೆ ಬಂದಳು, ಕುಶನ್ ಬಟ್ಟೆ ಮಾರುವವನು ಬಂದ, ಚಹಾದವನು ಕರೆಯದೆಯೇ ಬಂದ. ನಾರಿನವಳು ಫೋನ್ ಮಾಡಿ "ಲಾರಿ ಕಳಿಸ್ಲಾ ಅಕ್ಕಾ?" ಎಂದು ಕೇಳಿದಳು. ಹಡಗಿನ ಕುರ್ಚಿಗಳ ಕೈ ಒಂದೊಂದಾಗಿ ಕಳಚತೊಡಗಿದಾಗ ನರ್ಸಮ್ಮನೂ ಬಂದರು, ಮುಖ ಸ್ವಲ್ಪ ಗಂಟಿಕ್ಕಿಕೊಂಡೇ.

ನೋಟಿಸ್ ತಂದ ತಮ್ಮ ಇನ್ಸ್‌ಪೆಕ್ಟರ್ ಒಳ್ಳೆಯವರು. ಬಿಸಿಲಲ್ಲಿ ಬಂದು ದಣಿದಿದ್ದರು, ಸಿದ್ಧವಾಗಿದ್ದ ಕುರ್ಚಿಯಲ್ಲಿ ಕೂತರು, ಒರಗಿದರು, ಕಣ್ಣು ಮುಚ್ಚಿದರು. ತುಸು ಹೊತ್ತಿನ ಮೇಲೆ ಕರ್ತವ್ಯ ನೆನಪಾಯಿತು.

"ನೋಡಿಮ್ಮಾ, ಇದು ಅಕ್ರಮ. ನೀವು ಇಲ್ಲಿಂದ ಏಳ್ಬೇಕಾಗುತ್ತೆ."

"ಮೊದ್ಲು ನೀವು ಏಳಿ ಸಾರ್, ಆ ಕುರ್ಚಿ ಆಸ್ಪತ್ರೆಗೆ ಹೋಗ್ಬೇಕು."

ಎದ್ದರು. ಎದ್ದ ಮೇಲೆ ಮೆಲ್ಲಗೆ, ಇಂಥದ್ದೊಂದು ಅವರ ಮನೆಗೆ ಯಾವಾಗ ಸಿಕ್ಕೀತು ಎಂದೂ ವಿಚಾರಿಸಿದರು.

ಇನ್ನು ನನ್ನ ಬೇಡಿಕೆ. ಹೆದ್ದಾರಿಯ ಬದಿಯಲ್ಲಿ ತಾವು ಗಾಜಿನ ದೊಡ್ಡ ಕಟ್ಟಡ ಕಟ್ಟಿಸಿದ್ದೀರಿ, ಪೀಠೋಪಕರಣದ ಕಸುಬುಗಳನ್ನೆಲ್ಲ ಒಂದೇ ಸೂರಿನಡಿ ತರುವ ಕ್ರಾಂತಿಕಾರಿ ಕಲ್ಪನೆಯಂತೆ, ಅಭಿನಂದನೆಗಳು. ಅದರ ಉದ್ಘಾಟನೆಗೆ ಬರುವ ಗಣ್ಯರಿಗಾಗಿ ತುರ್ತಾಗಿ ಕುರ್ಚಿಗಳು ಬೇಕೆಂದು ನಿನ್ನೆ ತಮ್ಮ ಕಚೇರಿಯಿಂದಲೇ ನಮಗೆ ಫೋನ್ ಬಂತು. ಮಾಡಿಕೊಡುತ್ತೇವೆ, ಚೆನ್ನಾಗಿಯೇ ಮಾಡಿಕೊಡುತ್ತೇವೆ. ನೋಟಿಸನ್ನು ಹಿಂದಕ್ಕೆ ಪಡೆದು ಡಿಪೋವನ್ನು ನಮಗೆ ಬಾಡಿಗೆಗೆ ಕೊಡಿ. ಇಲ್ಲವಾದರೆ, ಆ ಕುರ್ಚಿಗಳನ್ನು ನಾವು ಎಲ್ಲಿ ಕೂತು ಮಾಡಬೇಕೆಂದು ತಾವೇ ಒಂದು ಆದೇಶ ಹೊರಡಿಸಿ.

ಇಂತಿ, ತಮ್ಮ ಗಣ್ಯರು ನಿಂತೇ ಇರಬಾರದೆಂದು ಹಾರೈಸುವ,
ಸದ್ಯಕ್ಕೆ ಅನಧಿಕೃತಳಾಗಿರುವ ಕುಶನ್ ಕೆಲಸದವಳು