ಬಾಟಲಿಯ ಮೇಲಿಲ್ಲದ ಹೆಸರು

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ನೀವು ನಿಷೇಧಿಸಿರುವ ಪದವನ್ನು ನಮ್ಮ ಮೆಕ್ನೆಸ್ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದೇ ಇಲ್ಲ. ನನ್ನ ದೂರು ಇಷ್ಟೇ. ಗಿಡಮೂಲಿಕೆಯ ಸಾರ ಮಾರುವವರು ಲೇಬಲ್ಲಿನ ಮೇಲೆ 'ಕ್ಯಾನ್ಸರ್' ಎಂದು ಬರೆಯಬಾರದೆಂದು ನಿಮ್ಮ ನಿಯಮ. ಅವರು ಬರೆಯುವುದಿಲ್ಲ, ತುಂಬಾ ಸಂತೋಷ. 'ಉರಿಯೂತ ಇಳಿಸುತ್ತದೆ, ಆ ಕೆಟ್ಟದ್ದು ಹತ್ತಿರ ಸುಳಿಯದಂತೆ ಕಾಯುತ್ತದೆ' ಎಂದು ಬರೆಯುತ್ತಾರೆ. ಆ ಕೆಟ್ಟದ್ದು ಯಾವುದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ತಮಗೆ ಗೊತ್ತಿಲ್ಲವೇ?

ನಾನು ಫಾರ್ಮಸಿ ಮೊದಲ ವರ್ಷದ ವಿದ್ಯಾರ್ಥಿನಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿದ್ದು ಅರ್ಧ ಇಂಗ್ಲಿಷಿನಲ್ಲೇ ಬೆಳೆದವಳು. ಕಾಯಿಲೆಗಳ ಹೆಸರನ್ನು ಮನೆಯಲ್ಲಿ ಕಲಿಯಲಿಲ್ಲ, ಪುಸ್ತಕದಲ್ಲಿ ಕಲಿತೆ. ಕಚೇರಿಗಳಿಗೆ ಬರೆದು ಅಭ್ಯಾಸವಿಲ್ಲ, ಮಾತು ಮೀರಿದರೆ ಮನ್ನಿಸಿ. ಮನ್ನಿಸದಿದ್ದರೂ ಬರೆಯಲೇಬೇಕಾಗಿದೆ. ರಜೆಗೆ ಮನೆಗೆ ಹೋದಾಗ ಅಮ್ಮನ ತಂಗಿ, ನನ್ನ ತಾಮೊ ಖಾಲ್ತಿ, "ಎದೇಲಿ ಅದು ಬಂದಿದೆ ಕಣೇ" ಎಂದಳು. "ಯಾವುದು?" ಎಂದು ಕೇಳಿಬಿಟ್ಟೆ. ಅಮ್ಮ ಒಲೆಯ ಮುಂದಿನಿಂದ ಓಡಿಬಂದು ನನ್ನ ಬಾಯಿ ಮುಚ್ಚಿದಳು.

ಆಸ್ಪತ್ರೆಯಲ್ಲಿ ಅವಳಿಗೆ ಕಿಮೋಥೆರಪಿಯ ಡ್ರಿಪ್ ಶುರುವಾಗಿತ್ತು. ಕೂದಲು ಉದುರಿತು, ಬಾಯಿ ರುಚಿ ಕೆಟ್ಟಿತು. ಆಗ ಮೂಲಿಕೆ ಅಂಗಡಿಯ ಸಿ ಬೂಶ್ತಾ ಸಿಕ್ಕಿದ. ಜೊತೆಗೆ ನಾನೂ ಇದ್ದೆ.

"ಆಸ್ಪತ್ರೆಯವರು ಕೊಡೋದು ಕೆಮಿಕಲ್ಲು, ಲಲ್ಲಾ ತಾಮೊ. ಇದು ಬರೀ ಬೇರು, ಜೇನು. ಬೇರಿಗೆ ಮೋಸ ಮಾಡೋಕೆ ಬರುತ್ತಾ?"

"ಬೇರಿಗೆ ಬರಲ್ಲ, ನಿಂಗೆ ಬರುತ್ತಲ್ಲ" ಎಂದು ಖಾಲ್ತಿ ನಕ್ಕಳು. ನಗುತ್ತಲೇ ಕೊಂಡಳು, ದಿನವೂ ಕುಡಿದಳು. ಮುಂದಿನ ಡ್ರಿಪ್ಪಿಗೆ ಹೋಗಲಿಲ್ಲ.

ನಾನು ಗಿಡಮೂಲಿಕೆಯ ವೈರಿಯಲ್ಲ, ಸ್ವಾಮಿ. ಕರಿಜೀರಿಗೆ, ಅರಿಸಿನಗಳ ಸಾರ ಉರಿಯೂತಕ್ಕೆ ಏನು ಮಾಡುತ್ತದೆಂದು ಎಷ್ಟೋ ಪ್ರಯೋಗಾಲಯಗಳು ನೋಡುತ್ತಿವೆ, ನೋಡಲಿ. ಖಾಲ್ತಿ ಬಿಟ್ಟುಬಂದ ಆ 'ಕೆಮಿಕಲ್' ಕೂಡ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲೇ. ವ್ಯತ್ಯಾಸವೆಂದರೆ ಅದನ್ನು ಯಾರೋ ವರ್ಷಗಟ್ಟಲೆ ಅಳೆದು, ಪರೀಕ್ಷಿಸಿ, ಎಷ್ಟು ಕೊಟ್ಟರೆ ಮದ್ದು, ಎಷ್ಟಾದರೆ ವಿಷ ಎಂದು ತಿಳಿದುಕೊಂಡರು. ಬೂಶ್ತಾನ ಬಾಟಲಿಯಲ್ಲಿದ್ದ ಬೆರೆಜ್ತಮ್ ಎಂಬ ಬೇರಿನ ಕಥೆಯೂ ತಿಳಿದದ್ದೇ: ಅದು ಕಿಡ್ನಿಯನ್ನು ತಿನ್ನುತ್ತದೆ, ಸಾಲದ್ದಕ್ಕೆ ಮೂತ್ರದ ಹಾದಿಯಲ್ಲಿ ಹೊಸದಾಗಿ 'ಆ ಕೆಟ್ಟದ್ದ'ನ್ನೇ ತಂದಿಡಬಲ್ಲದು. ಕಾವಲಿಗೆಂದು ಕರೆತಂದವನೇ ಕಳ್ಳನಾದರೆ ಯಾರಿಗೆ ದೂರು ಕೊಡಬೇಕು? ತಮಗೇ ಎಂದುಕೊಂಡು ಬಾಟಲಿ ಹಿಡಿದು ತಮ್ಮ ಕಚೇರಿಗೆ ಬಂದೆ.

ತಮ್ಮ ಗುಮಾಸ್ತರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎಲ್ಲಿದೆಯಮ್ಮಾ ಕ್ಯಾನ್ಸರ್? ತೋರಿಸು ನೋಡೋಣ."

"ಆ ಕೆಟ್ಟದ್ದು ಅಂತ ಇದೆಯಲ್ಲ ಸರ್..."

"ಕೆಟ್ಟದ್ದು ಅಂದ್ರೆ ನೆಗಡಿಯೂ ಆಗಬಹುದು. ರೂಲು ರೂಲೇ." ಆಮೇಲೆ ಅತ್ತಿತ್ತ ನೋಡಿ, ದನಿ ಇಳಿಸಿ ಕೇಳಿದರು: "ನಮ್ಮತ್ತೆಗೂ ಅದೇ ಬಂದಿದೆ ಮಗಳೇ. ಇದರಿಂದ ಗುಣ ಆಗುತ್ತಾ?"

'ಅದೇ' ಎಂದರು, ಮಾನ್ಯರೇ. ನೆಗಡಿಗೆ ಯಾರಾದರೂ ದನಿ ಇಳಿಸುತ್ತಾರೆಯೇ? ಕುಡಿಸಬೇಡಿ ಎಂದು ಕೈಮುಗಿದು ಹೇಳಿಬಂದೆ. ನಂಬಿದರೋ ಇಲ್ಲವೋ ತಿಳಿಯದು. ನನ್ನ ಬಳಿ ಇದ್ದದ್ದು ಮೊದಲ ವರ್ಷದ ಗುರುತಿನ ಚೀಟಿ ಮಾತ್ರ.

ಈಗ ಖಾಲ್ತಿಯ ಮುಖ, ಕಾಲು ಊದಿಕೊಂಡಿವೆ. ಕಿಡ್ನಿ ಸುಧಾರಿಸುವವರೆಗೆ ಡ್ರಿಪ್ ಕೊಡುವಂತಿಲ್ಲ ಎನ್ನುತ್ತಾರೆ ಡಾಕ್ಟರು. ಎದೆಯ ಗಡ್ಡೆ ಅಲ್ಲಿಯವರೆಗೆ ಕಾಯುತ್ತದೆಯೇ ಎಂದು ಕೇಳಿದೆ. ಅವರು ಮುಂದಿನ ರೋಗಿಯ ಫೈಲು ತೆರೆದರು. ತಾವು ಉತ್ತರಿಸುತ್ತೀರಾ?

ಈ ಪತ್ರ ಬರೆಯುವಾಗ ಅವಳು ಪಕ್ಕದಲ್ಲೇ ಮಲಗಿದ್ದಳು. "ಯಾರಿಗೇ ಅದು?"

"ದೊಡ್ಡ ಸಾಹೇಬರಿಗೆ, ಖಾಲ್ತಿ."

"ಬರಿ, ಬರಿ. ಅದರ ಹೆಸರು ಮಾತ್ರ ಹಾಕಬೇಡ. ಮನೆಗೆ ಕರೆದ ಹಾಗಾಗುತ್ತೆ."

ಮನೆಯೊಳಗೇ ಬಂದು ಕೂತಿದೆಯಲ್ಲ ಎಂದುಕೊಂಡು, ಬರೆದಿದ್ದ ಹಾಳೆಯನ್ನು ಅವಳಿಗೆ ಕಾಣದಂತೆ ಮಗುಚಿಟ್ಟೆ.

ಆದ್ದರಿಂದ ನನ್ನ ಬೇಡಿಕೆ ಖಾಲ್ತಿಗೂ ಒಪ್ಪಿಗೆಯಾಗುವಂಥದ್ದೇ. ಬೆರೆಜ್ತಮ್ ಬಾಟಲಿಗಳನ್ನು ಅಂಗಡಿಗಳಿಂದ ತೆಗೆಸಿ. ನಿಯಮವನ್ನು ತಿದ್ದಿ. ತಿದ್ದುವಾಗ ಆ ದೊಡ್ಡ ಹೆಸರೂ ಬೇಡ, 'ಅದು' ಎಂದೇ ಬರೆಯಿರಿ: ಅದನ್ನು ತಡೆಯುತ್ತೇನೆ, ವಾಸಿ ಮಾಡುತ್ತೇನೆ ಎಂದು ಪುರಾವೆಯಿಲ್ಲದೆ ಯಾರೂ ಏನನ್ನೂ ಮಾರಕೂಡದು. ನಮಗೆಲ್ಲ ಅರ್ಥವಾಗುತ್ತದೆ. ತಮ್ಮ ಗುಮಾಸ್ತರಿಗೂ.

ಇಂತಿ,
ಹಾಕಬೇಡವೆಂದ ಹೆಸರನ್ನು ಹಾಕಿಯೇ ಬರೆದ, ಖಾಲ್ತಿಗೆ ಇದನ್ನು ಓದಿ ಹೇಳಲಾರದ,
ರಬಾಬ್