ಸತ್ತ ಕಳ್ಳನ ಉಸಿರು

ಗೆಳೆಯಾ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ಇದನ್ನು ನಿನಗೆ ಹೇಳದೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಿನಿಮಾ ಓಡಿಸೋಕೆ ನನ್ನಂಥ ಆಪರೇಟರ್ ಹತ್ತೂರಲ್ಲಿ ಇನ್ನೊಬ್ಬನಿಲ್ಲದ ಕಾಲದಲ್ಲಿ ನಮ್ಮ ಟಾಕೀಸಿಗೆ ಬಂದಿತ್ತಲ್ಲ, ಎರಡೇ ಕುದುರೆಯಲ್ಲಿ ಇಡೀ ದಂಡು ತೋರಿಸಿದ ಕೌಬಾಯ್ ಸಿನಿಮಾ, ಅದೀಗ ಮೊಬೈಲಿನಲ್ಲಿದೆ. ನೋಡಿದವರು ಕೆಳಗೆ ಬರೆದ ಅಭಿಪ್ರಾಯಗಳನ್ನು ತಂಗಿಯ ಮಗಳು ಇವತ್ತು ಓದಿ ಹೇಳಿದಳು.

“ಮಾಮಾ, ಗುಂಡು ತಿಂದು ಸತ್ತ ಕಳ್ಳ ಉಸಿರಾಡ್ತಾನಂತೆ! ಇಪ್ಪತ್ತು ಜನ ಬರ್ದಿದಾರೆ.”

ಅಂದು ನೀನೂ ಇದನ್ನೇ ಹೇಳಿದ್ದೆ. “ದಿನಾ ನಾಲ್ಕಾಟ ನೋಡೋನು ನಾನು. ನಿನ್ನ ಕಣ್ಣಿಗೆ ಪೊರೆ ಬಂದಿದೆ, ಹೋಗೋ!” ಎಂದು ಎಲ್ಲರೆದುರು ನಿನ್ನನ್ನು ನಗೆಪಾಟಲು ಮಾಡಿದೆ. ನೀನು ಮತ್ತೆಂದೂ ನನ್ನ ಹತ್ತಿರ ಬರಲಿಲ್ಲ.

“ಮೊದಲು ಕಂಡೋನು ನನ್ನ ಗೆಳೆಯ ಅಂತ ನೀನೂ ಅಲ್ಲಿ ಬರಿಯೇ” ಎಂದೆ.

“ನೀನು ನೋಡಿರ್ಲಿಲ್ವಾ, ಮಾಮಾ?”

ಅವಳನ್ನು ಅಲ್ಲೇ ಬಿಟ್ಟು ಬಂದು ನಿನಗೆ ಈ ಕಾಗದ ಬರೆಯಲು ಕೂತೆ. ಮೊದಲನೇ ಆಟದಲ್ಲೇ ನೋಡಿದ್ದೆ ಕಣೋ.