ಮಿಲಿಟರಿ ಡಬ್ಬದ ಅನಾನಸ್

ಬನಶಂಕರಿ ಎರಡನೇ ಹಂತ, ಬೆಂಗಳೂರು
೧೪-೭-೧೯೭೯, ಶನಿವಾರ

ಸೌಭಾಗ್ಯವತಿ ಜಯಶೀಲಾಳಿಗೆ, ನಿನ್ನ ಅತ್ತೆ ಸಿದ್ದಗಂಗಮ್ಮ ಇಲ್ಲಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಬರೆಯುವುದು.

ನೀನು ಆರೋಗ್ಯವೇ? ಪುಟ್ಟಿಗೆ ಅರಸೀಕೆರೆಯ ನೀರು ಒಗ್ಗಿತೇ? ಅವಳಿಗೆ ಜಾಗ ಬದಲಾದರೆ ಮೂಗು ಸೋರುತ್ತದೆ, ರಾತ್ರಿ ಮಲಗಿಸುವಾಗ ಓಮಕಾಳಿನ ಗಂಟು ಬಿಸಿ ಮಾಡಿ ಎದೆಗೆ ಒತ್ತು. ಬೀಗಿತ್ತಿಯವರ ಮಂಡಿನೋವು ಹೇಗಿದೆ? ನಾನು ಕೇಳಿದೆ ಎಂದು ಹೇಳು. ಹೇಳಲು ಮನಸ್ಸಿಲ್ಲದಿದ್ದರೆ ಬೇಡ. ನಾನು ಚೆನ್ನಾಗಿದ್ದೇನೆ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ, ಅದಕ್ಕೇ ಅಕ್ಷರಗಳು ಹೆಂಡ ಕುಡಿದವರ ಹಾಗೆ ಓಲಾಡುತ್ತಿವೆ. ಯಾಕೆ ಸುತ್ತಿದೆ ಎಂಬುದು ಆಮೇಲೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ, ಎರಡು ಹೊತ್ತೂ ನನ್ನ ಸಾರು ಉಂಡುಕೊಂಡು ಇರುವುದಕ್ಕೆ ಚೆನ್ನಾಗಿರುವುದು ಎನ್ನುವುದಾದರೆ. ಉಂಡು ಎದ್ದು ಹೋಗಿ ಪುಟ್ಟಿಯ ಮೂರು ಗಾಲಿ ಸೈಕಲ್ಲನ್ನು ಒರೆಸುತ್ತಾನೆ. ದಿನಾ ಒರೆಸಿದರೆ ಅದರ ಬಣ್ಣ ಉಳಿಯುತ್ತದೆಯೇ, ನೀನೇ ಹೇಳು. ಅಮ್ಮ, ಕಾಗದ ನಾನು ಬರೆದುಕೊಡುತ್ತೇನೆ ಎಂದ ಕೊಟ್ರಪ್ಪ. ಬೇಡ ಎಂದೆ. ಕೂಲಿಮಠದ ಅಯ್ಯನವರು ಮರಳಿನ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದ ಅಕ್ಷರ ಇಂಥ ಹೊತ್ತಿಗೆ ಬಾರದಿದ್ದರೆ ಇನ್ನು ಯಾವಾಗ ಬಂದೀತು? ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಪಕ್ಕದ ಮನೆ ಗೋವಿಂದಮ್ಮ ದಿನಕ್ಕೊಂದು ಸಲ ಕಾಂಪೌಂಡಿನ ಮೇಲೆ ಕತ್ತು ಚಾಚಿ ನಿನ್ನನ್ನು ಕೇಳುತ್ತಾಳೆ. ಆಷಾಢ ಅಲ್ಲವೇ, ತವರಿಗೆ ಹೋಗಿದ್ದಾಳೆ ಎಂದೆ. ಆ ಹೆಂಗಸು ಕಿಸಕ್ಕೆಂದು ನಕ್ಕು, 'ಏಳು ವರ್ಷದ ಸೊಸೆಗೂ ಆಷಾಢ ಬರುತ್ತಾ ಸಿದ್ದಗಂಗಮ್ಮೋರೇ? ನಮಗೆ ಗೊತ್ತಾಗ್ದೆ ಇನ್ನೊಂದ್ಸಲ ಮದುವೆ ಮಾಡಿದ್ರಾ?' ಎಂದಳು. ಬೇರೆ ದಿನವಾಗಿದ್ದರೆ ಅವಳ ಬಾಯಿಗೆ ಬೀಗ ಹಾಕಿ ಬೀಗದಕೈ ಬಾವಿಗೆ ಎಸೆಯುತ್ತಿದ್ದೆ. ಸುಮ್ಮನೆ ಒಳಗೆ ಬಂದೆ. ಸುಳ್ಳು ಹೇಳಿದವಳಿಗೆ ಜಗಳವಾಡುವ ಧೈರ್ಯ ಎಲ್ಲಿಂದ ಬರಬೇಕು.

ತಲಘಟ್ಟಪುರದವರು ಬಂದಿದ್ದ ದಿನ ನೀನು ಒಳಗೆ ಒಲೆಯ ಮುಂದೆ ಇದ್ದೆ, ನಡುಮನೆಯಲ್ಲಿ ಆದದ್ದರಲ್ಲಿ ಅರ್ಧ ಮಾತ್ರ ನಿನಗೆ ಗೊತ್ತು. ಉಳಿದ ಅರ್ಧವನ್ನು ಬರೆಯುತ್ತೇನೆ. ಜೂನ್ ತಿಂಗಳಲ್ಲಿ ನಿನ್ನ ತಮ್ಮ ಶಾಂತವೀರಪ್ಪ ಲಡಾಖಿನಿಂದ ರಜೆಗೆ ಬಂದಿಳಿದವನು ಟ್ರಂಕು ಬಿಚ್ಚಿ ಮೂರು ಅನಾನಸ್ ಹಣ್ಣಿನ ಡಬ್ಬ ತೆಗೆದು ನನ್ನ ಮುಂದೆ ಇಟ್ಟನಲ್ಲ, ಆಗ ನೀನು ಕೊಳಾಯಿಯ ಹತ್ತಿರ ಇದ್ದೆ. ಹಣ್ಣು ಎಂದರೆ ಮೂಗಿಗೆ ಮೊದಲು ತಿಳಿಯಬೇಕು ಕಣಪ್ಪ, ಇದೇನು ಸೀಮೆಎಣ್ಣೆ ಡಬ್ಬದ ತಂಗಿಯ ಹಾಗಿದೆ ಎಂದೆ. ಅವನು ನಕ್ಕ. ನಾನು ಹುರುಳಿಕಾಯಿ ನಾರು ಬಿಡಿಸುತ್ತ ಕೂತಿದ್ದೆ, ಅವನೂ ಎದುರಿಗೆ ಕೂತು ನಾಲ್ಕು ಕಾಯಿ ಬಿಡಿಸಿಕೊಟ್ಟ. ಆಗ ಅವನು ಹೇಳಿದ: 'ಅಲ್ಲಿ ಮಾಂಸ ಬೇಡ ಅಂದವರಿಗೆ ಅದರ ಬದಲು ಹಾಲಿನ ಡಬ್ಬ, ಹಣ್ಣಿನ ಡಬ್ಬ ಕೊಡ್ತಾರಮ್ಮ. ನಾನು ಕೊರಳಲ್ಲಿ ಲಿಂಗ ಕಟ್ಕೊಂಡೋನು, ಅದನ್ನ ಮುಟ್ಟೋದಿಲ್ಲ. ಇವು ನನ್ನ ಪಾಲಿಂದು, ಎತ್ತಿಟ್ಟಿದ್ದೆ.' ನಾನು ಹೂಂ ಎಂದೆ. ಹೂಂ ಎಂದ ಮೇಲೂ ಆ ಡಬ್ಬಗಳನ್ನು ಒಯ್ದು ಬಚ್ಚಲಮನೆಯ ಗೂಡಿನಲ್ಲಿ ಸೀಗೆಪುಡಿಯ ಪಕ್ಕ ಇಟ್ಟೆ.

ಆಮೇಲೆ ತಲಘಟ್ಟಪುರದ ಅಕ್ಕಯಮ್ಮ, ಅವರ ಮಗ, ಹುಡುಗನನ್ನು ನೋಡಲು ನಮ್ಮ ಮನೆಗೆ ಬಂದರು. ಅವರ ಮೊಮ್ಮಗಳು ದಾಕ್ಷಾಯಣಿಯನ್ನು ನೀವು ಅಕ್ಕ ತಮ್ಮ ಹೋಗಿ ನೋಡಿಕೊಂಡು ಬಂದು, ಇಬ್ಬರೂ ಒಂದು ವಾರ ನೆಲದ ಮೇಲೆ ಕಾಲಿಟ್ಟಿರಲಿಲ್ಲ. ನೀನು ಬೆಳಿಗ್ಗೆಯೇ ಬಚ್ಚಲಿನಿಂದ ಒಂದು ಡಬ್ಬ ತಂದು, ತೊಳೆದು, ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ಕೂತದ್ದನ್ನು ನಾನು ನೋಡಿದೆ. ನೋಡಿ ಸುಮ್ಮನಿದ್ದೆ. ಅಡುಗೆಮನೆಗೆ ಬಿಟ್ಟುಕೊಂಡವಳೂ ನಾನೇ, ಆಮೇಲೆ ಹಳಿದವಳೂ ನಾನೇ. ತುಪ್ಪದಲ್ಲಿ ರವೆ ಹುರಿದ ವಾಸನೆಯ ಬೆನ್ನಿಗೇ ಆ ಹಣ್ಣಿನ ವಾಸನೆ ಎದ್ದು ನಡುಮನೆಗೆ ಬಂದಾಗ, ನಿಜ ಹೇಳುತ್ತೇನೆ ಜಯಶೀಲಾ, ನನ್ನ ಬಾಯಲ್ಲೂ ನೀರೂರಿತು. ಸೀಗೆಪುಡಿಯ ಪಕ್ಕ ಕೂತಿದ್ದ ಹಣ್ಣಿಗೆ ಇಷ್ಟು ಸೊಗಸು ಎಲ್ಲಿಂದ ಬಂತು ಎಂದುಕೊಂಡೆ.

ಅಕ್ಕಯಮ್ಮ ಒಂದು ತಟ್ಟೆ ತಿಂದರು. ಇನ್ನೊಂದು ಸ್ವಲ್ಪ ಎಂದರು. ತಿನ್ನುತ್ತ ತಿನ್ನುತ್ತ, 'ನಂಟರೊಳಗೆ ಸಜ್ಜಿಗೆ ಅಂದ್ರೆ ಸಿದ್ದಗಂಗಮ್ಮನ ಕೈ ಅಂತಿದ್ರು. ಹೋಯ್ತು ಬಿಡಿ, ಸೊಸೆ ಮೀರಿಸಿಬಿಟ್ಟಳು' ಎಂದರು. ಒಳ್ಳೆಯ ಮಾತೇ. ಸೊಸೆಯನ್ನು ಹೊಗಳಿದರೆ ಮನೆಯನ್ನೇ ಹೊಗಳಿದ ಹಾಗೆ ಎಂದು ಬೇರೆಯವರ ಮನೆಯಲ್ಲಿ ಕೂತು ನಾನೇ ಎಷ್ಟು ಸಲ ಉಪದೇಶ ಮಾಡಿಲ್ಲ. ನನ್ನ ಮನೆಯಲ್ಲಿ ನನ್ನ ಕಿವಿಗೆ ಬಿದ್ದಾಗ ಒಣಮೆಣಸಿನಕಾಯಿ ಹುರಿದ ಹಾಗೆ ಘಾಟು ಏರಿತು. ನಲವತ್ತು ವರ್ಷ ಮದುವೆಮನೆಗಳಲ್ಲಿ ಬಾಣಲೆ ತಿರುಗಿಸಿದ ತೋಳು ನನ್ನದು. ಬಾಯಿಗೆ ಬಂದದ್ದು ಇದು: 'ಅದರಲ್ಲಿ ಅವಳ ಕೈ ಏನು ಬಂತು? ಮಿಲಿಟರಿ ಡಬ್ಬದ ಹಣ್ಣು. ಅಲ್ಲಿ ಯಾವ ಕುರಿಮಾಂಸದ ಡಬ್ಬಕ್ಕೆ ಒರಗಿಕೊಂಡು ಕೂತಿತ್ತೋ ಯಾರಿಗೆ ಗೊತ್ತು.'

ಇಷ್ಟು ನಿನಗೂ ಕೇಳಿಸಿತು, ಒಳಗೆ ಸೌಟು ಬಿದ್ದ ಸದ್ದು ಬಂತು. ನಿನಗೆ ಕಾಣಿಸದೆ ಹೋದದ್ದು ಆಮೇಲಿನದು. ಅಕ್ಕಯಮ್ಮನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಅವರ ಮಗ ಶಾಂತವೀರಪ್ಪನ ಕಡೆ ತಿರುಗಿ, 'ಹಾಗಾದ್ರೆ ಅಲ್ಲಿ ಎಲ್ಲಾ ಒಂದೇ ಪಂಕ್ತಿ, ಒಂದೇ ಪಾತ್ರೆನಾ?' ಎಂದರು. ನಿನ್ನ ತಮ್ಮ ನನ್ನ ಮುಖ ನೋಡಿದ. ಹುಡುಗ ತಾನೇ ತನ್ನ ನೇಮ ನಿಷ್ಠೆ ಹೇಳಿಕೊಂಡರೆ ಅದಕ್ಕೆ ಬೆಲೆಯಿಲ್ಲ, ಮನೆಯ ಹಿರಿಯಳು ಹೇಳಿದರೆ ಇದೆ. ಹೇಳುತ್ತಾಳೆ ಎಂದು ನೋಡಿದ. ನಾನು ಸೆರಗಿನ ಅಂಚು ನೋಡುತ್ತ ಕೂತೆ. ಒಂದು ಮಾತು, ಅವನು ಮಾಂಸ ಮುಟ್ಟುವವನಲ್ಲ, ಅದಕ್ಕೇ ಈ ಡಬ್ಬ ಬಂದದ್ದು ಎಂಬ ಒಂದೇ ಮಾತು. ಆಡಿದ ಮಾತನ್ನು ನುಂಗಬೇಕಲ್ಲ ಎಂಬ ಹಟಕ್ಕೆ ಅದು ಗಂಟಲಲ್ಲೇ ಉಳಿಯಿತು. ಅವರು ಎಲೆ ಅಡಿಕೆಯನ್ನೂ ಮುಟ್ಟದೆ ಎದ್ದು ಹೋದರು.

ಮಾರನೆಯ ದಿನ ತಮ್ಮನ ಜೊತೆ ಹೊರಟು ಗೇಟಿನ ಹತ್ತಿರ ನಿಂತು ನೀನು, 'ನನಗಂದಿದ್ರೆ ನುಂಗ್ಕೊಳ್ತಿದ್ದೆ ಅತ್ತೆ' ಎಂದೆ. ಅಷ್ಟೇ. ನೀನು ನಾಲ್ಕು ಬೈದು ಹೋಗಿದ್ದರೆ ನಾನು ಎಂಟು ಬೈದು ಹಗುರವಾಗುತ್ತಿದ್ದೆ. ಆ ಅವಕಾಶವನ್ನೂ ಕೊಡದೆ ಹೋದೆ.

ಗುರುವಾರ ಕೊಟ್ರಪ್ಪ ಕೆಲಸಕ್ಕೆ ಹೋದ ಮೇಲೆ ಎರಡನೇ ಡಬ್ಬವನ್ನು ಇಳಿಸಿಕೊಂಡು ಕೂತೆ. ಡಬ್ಬದ ಮುಚ್ಚಳ ಕೊಯ್ಯುವ ಮೂತಿಯನ್ನು, ಅದೇ ಆ ಓಪನರನ್ನು, ನೀನು ಜೊತೆಗೆ ಒಯ್ದಿದ್ದೀಯ, ಒಯ್ಯುವುದು ನ್ಯಾಯವೇ, ನಿನ್ನ ತಮ್ಮ ಕೊಟ್ಟದ್ದು. ತೆಂಗಿನಕಾಯಿಯ ಕತ್ತಿ ಇಟ್ಟು ಗುಂಡುಕಲ್ಲಿನಿಂದ ಹೊಡೆದೆ. ಮೊದಲ ಏಟಿಗೆ ಡಬ್ಬ ಓಡಿತು. ಅದನ್ನು ಕಾಲ ಸಂದಿಯಲ್ಲಿ ಹಿಡಿದು ಇನ್ನೊಂದು ಏಟು ಹಾಕಿದರೆ ರಸ ಚಿಮ್ಮಿ ಕನ್ನಡಕಕ್ಕೆ, ಗೋಡೆಗೆ, ಕ್ಯಾಲೆಂಡರಿನ ಬಸವಣ್ಣನಿಗೆ ಎಲ್ಲರಿಗೂ ಅಭಿಷೇಕ. ಮುಚ್ಚಳ ಎತ್ತುವಾಗ ಹೆಬ್ಬೆರಳು ಕೊಯ್ದುಕೊಂಡೆ. ಒಳಗೆ ನೋಡಿದರೆ ನಡುವೆ ತೂತಿನ ಬಿಲ್ಲೆಗಳು, ಬಳೆ ಜೋಡಿಸಿದ ಹಾಗೆ ಒಂದರ ಮೇಲೊಂದು, ಪಾಕದಲ್ಲಿ ಮುಳುಗಿ ಎಷ್ಟು ಅಚ್ಚುಕಟ್ಟಾಗಿ ಕೂತಿದ್ದವು. ಇದನ್ನೇ ನಾನು ಏನೆಲ್ಲ ಅಂದೆ.

ಸಜ್ಜಿಗೆ ಮಾಡಿದೆ. ಒಂದು ಪಾವು ರವೆಗೆ ನನ್ನ ಕೈ ಯಾವ ಲೆಕ್ಕಕ್ಕೆ ಪಳಗಿದೆಯೋ ಅದೇ ಲೆಕ್ಕಕ್ಕೆ ಸಕ್ಕರೆ ಸುರಿದೆ, ಚೆಲ್ಲಬಾರದೆಂದು ಡಬ್ಬದ ಪಾಕವನ್ನೂ ಪೂರ್ತಿ ಸುರಿದೆ. ಆ ಪಾಕವೇ ಸಕ್ಕರೆ ಎಂಬುದು ಹೊಳೆಯಲಿಲ್ಲ. ರುಚಿ ನೋಡಲಿಲ್ಲ, ನೈವೇದ್ಯಕ್ಕೆ ಮೊದಲು ನಾನು ರುಚಿ ನೋಡುವವಳಲ್ಲ, ನಿನಗೆ ಗೊತ್ತು. ಹೌದು, ನೈವೇದ್ಯಕ್ಕೆ ಇಟ್ಟೆ. ಬಚ್ಚಲಿನಲ್ಲಿಟ್ಟಿದ್ದ ಹಣ್ಣನ್ನು ಲಿಂಗದ ಮುಂದೆ ಇಟ್ಟು ಕಣ್ಣು ಮುಚ್ಚಿದೆ. ಆಮೇಲೆ ಕ್ಯಾರಿಯರಿಗೆ ತುಂಬಿಕೊಂಡು ಕನಕಪುರ ರಸ್ತೆಯ ಬಸ್ಸು ಹತ್ತಿದೆ. ಕಂಡಕ್ಟರು, 'ಏನಜ್ಜಿ, ಬಸ್ಸೆಲ್ಲಾ ಘಮಾ ಅಂತೈತೆ, ನಮಗೂ ಒಂದು ತುತ್ತು?' ಎಂದ. ನಿನಗೆ ಮದುವೆ ಆಗಿದೆಯೇನೋ ಎಂದೆ. ಇಲ್ಲ ಎಂದ. ಹಾಗಾದರೆ ಇದು ನಿನಗಲ್ಲ, ನಿನ್ನಂಥವನೊಬ್ಬನ ಮದುವೆ ಕೆಡಿಸಿದ್ದಕ್ಕೆ ಕಟ್ಟುತ್ತಿರುವ ದಂಡ ಎಂದೆ. ಅವನಿಗೆ ಏನು ತಿಳಿಯಿತೋ, ಕೂರಲು ಜಾಗ ಮಾಡಿಸಿಕೊಟ್ಟ.

ಅಕ್ಕಯಮ್ಮ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕ್ಯಾರಿಯರ್ ಬಿಚ್ಚಿದೆ. 'ಅದೇ ಡಬ್ಬವೋ?' ಎಂದರು. ಅದರ ಜೊತೆಯದೇ ಎಂದೆ. 'ಮೊದಲು ನೀವು ತಿನ್ನಿ' ಎಂದರು. ಅವರ ಮಗ, ಸೊಸೆ, ಬಾಗಿಲ ಮರೆಯಲ್ಲಿ ಆ ಹುಡುಗಿ, ಎಲ್ಲರೂ ನೋಡುತ್ತಿದ್ದ ಹಾಗೆ ನಾನು ತಿಂದೆ. ತಿಂದ ಬಾಯಲ್ಲೇ ಹೇಳಿದೆ, ಹುಡುಗ ಹುರುಳಿಕಾಯಿ ಬಿಡಿಸುತ್ತ ನನಗೆ ಹೇಳಿದ್ದನ್ನು ಒಂದಕ್ಷರ ಬಿಡದೆ. ಗೊತ್ತಿದ್ದೂ ಯಾಕೆ ಹಾಗಂದಿರಿ ಎಂದು ಅವರ ಮಗ ಕೇಳಿದರು. 'ನಿಮ್ಮ ತಾಯಿ ನನ್ನ ಸೊಸೆಯನ್ನ ಹೊಗಳಿದ್ರು, ನನಗೆ ತಡೀಲಿಲ್ಲ' ಎಂದೆ. ಆ ಮನುಷ್ಯ ಹೊರಗೆ ಹೋಗಿ ಬೀಡಿ ಹಚ್ಚಿದರು. ಅಕ್ಕಯಮ್ಮ ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದರು. ಅವರೂ ಅತ್ತೆಯೇ ತಾನೆ.

ಆಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. 'ಸಿದ್ದಗಂಗಮ್ಮೋರೇ, ಇದು ಸಜ್ಜಿಗೆಯಲ್ಲ, ಸಕ್ಕರೆ ಕಾರ್ಖಾನೆ. ಅವತ್ತಿನ ಹಾಗಿಲ್ಲ.' ಅವತ್ತಿನದು ನನ್ನ ಸೊಸೆಯ ಕೈ ಎಂದೆ. ಅಷ್ಟು ಹೇಳಲು ತಲಘಟ್ಟಪುರದವರೆಗೆ ಹೋಗಬೇಕಾಯಿತು ನೋಡು. 'ಆ ಸೊಸೆ ಎಲ್ಲಿ?' ಎಂದರು. ಆಷಾಢ ಎಂಬ ಮಾತು ನಾಲಗೆಯ ತುದಿಗೆ ಬಂತು, ಒಳಗೆ ತಳ್ಳಿದೆ. ನನ್ನ ಬಾಯಿಯ ದೆಸೆಯಿಂದ ತವರಿಗೆ ಹೋಗಿದ್ದಾಳೆ ಎಂದೆ. ಆಗ ಅವರು ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ: 'ಹುಡುಗನ ಮೇಲೆ ನಮಗೀಗ ಅನುಮಾನ ಇಲ್ಲ. ಆದ್ರೆ ಹುಡುಗನ ಅಕ್ಕನೇ ನಿಲ್ಲದ ಮನೆಯಿಂದ ನೀವು ಬಂದು ಕರೆದ್ರೆ ನಾವು ಬರೋದಿಲ್ಲ. ಅವಮಾನ ಆಗಿದ್ದು ಅವಳಿಗೆ. ಶ್ರಾವಣ ಹುಟ್ಟಲಿ, ಅವಳು ಬಂದು ಕರೀಲಿ. ಬರ್ತೀವಿ.'

ನಿನ್ನ ತಮ್ಮನ ರಜೆ ಆಗಸ್ಟಿನ ಮೊದಲ ವಾರಕ್ಕೆ ಮುಗಿಯುತ್ತದೆ ಎಂದು ಕೊಟ್ರಪ್ಪ ಹೇಳಿದ. ಈ ಸಲ ತಪ್ಪಿದರೆ ಅವನು ಮತ್ತೆ ಬರುವುದು ಇನ್ನೊಂದು ವರ್ಷಕ್ಕೆ, ಅಷ್ಟು ದಿನ ಅವರು ಬೆಳೆದ ಹುಡುಗಿಯನ್ನು ಇಟ್ಟುಕೊಂಡು ಕೂರುವುದಿಲ್ಲ. ಇದನ್ನೆಲ್ಲ ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಾ ಎಂದೂ ಹೇಳುವುದಿಲ್ಲ. ನಾನು ಹೇಳಿದರೆ ಅದು ಅಪ್ಪಣೆಯ ಹಾಗೆ ಕೇಳಿಸುತ್ತದೆ, ಈ ಬಾಯಿಗೆ ಬಿದ್ದ ರೂಢಿ ಅದು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೇರವಾಗಿ ತಲಘಟ್ಟಪುರಕ್ಕೇ ಹೋಗಿ ಕರೆದು ಬಾ. ಅವರು ಬರುವ ದಿನ ನಾನು ಗೋವಿಂದಮ್ಮನ ಮನೆಯಲ್ಲಿ ಕೂತಿರುತ್ತೇನೆ. ಅವಳ ಮಾತು ಕೇಳಿಕೊಂಡು ಕೂರುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಇನ್ನೊಂದಿಲ್ಲ.

ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಬೀಗಿತ್ತಿಯವರಿಗೆ ಶರಣು. ಶಾಂತವೀರಪ್ಪನಿಗೆ ಏನು ಹೇಳಬೇಕೋ ತಿಳಿಯದು, ಅವನಿಗೆ ಈ ಕಾಗದವನ್ನೇ ಓದಲು ಕೊಡು. ಶಿವ ನಿಮ್ಮನ್ನೆಲ್ಲ ತಂಪಾಗಿಟ್ಟಿರಲಿ.

ನಿನ್ನ ಅತ್ತೆ,
ಸಿದ್ದಗಂಗಮ್ಮ

ಮರೆತಿದ್ದೆ. ವಾಪಸು ಬರುವಾಗ ದಾಕ್ಷಾಯಣಿ ಬಸ್‌ಸ್ಟಾಪಿನವರೆಗೂ ಕ್ಯಾರಿಯರ್ ಹಿಡಿದುಕೊಂಡು ಬಂದಳು. ಒಳಗೆ ಒಂದು ಅಗುಳೂ ಉಳಿದಿರಲಿಲ್ಲ, ಆ ಸಕ್ಕರೆ ಕಾರ್ಖಾನೆಯನ್ನು ತಿಂದವಳು ಅವಳೇ ಇರಬೇಕು. ಬಸ್ಸು ಕಾಣಿಸಿದ ಮೇಲೆ ಮೆಲ್ಲಗೆ ಕೇಳಿದಳು: 'ಅಲ್ಲಿ ಹಿಮ ಬೀಳುತ್ತಂತಲ್ಲ ಅಜ್ಜಿ, ತಿನ್ನೋಕೇನೂ ಸಿಗಲ್ವಂತಲ್ಲ. ಅವರು ಮತ್ತೆ ಈ ಹಣ್ಣನ್ನ ತಿನ್ನದೆ ಯಾಕೆ ಇಟ್ಕೊಂಡಿದ್ರು?' ಅಕ್ಕನಿಗೆ ಅಂತ ಕಣೇ ಎಂದೆ. ಬಾಯಿಂದ ಆ ಮಾತು ಬೀಳುವವರೆಗೂ ಅದು ನನಗೇ ಹೊಳೆದಿರಲಿಲ್ಲ ಜಯಶೀಲಾ. ಬಸ್ಸಿನಲ್ಲಿ ಬನಶಂಕರಿ ಬರುವವರೆಗೂ ಕಣ್ಣೊರೆಸಿಕೊಂಡು ಬಂದೆ. ಮೂರನೇ ಡಬ್ಬವನ್ನು ಬಚ್ಚಲಿನಿಂದ ತಂದು ಅಡುಗೆಮನೆಯಲ್ಲಿ ನಿನ್ನ ಸಕ್ಕರೆ ಡಬ್ಬದ ಪಕ್ಕ ಇಟ್ಟಿದ್ದೇನೆ. ಅದಕ್ಕೆ ನಾನು ಕತ್ತಿ ಇಡುವುದಿಲ್ಲ, ಕೊಯ್ಯುವ ಮೂತಿ ನಿನ್ನ ಹತ್ತಿರವೇ ಇದೆ. ತಪ್ಪಾಯಿತು ಎಂಬುದನ್ನು ಕಾಗದದಲ್ಲಿ ಬರೆದು ಮುಗಿಸುವುದಿಲ್ಲ. ಅವತ್ತು ಆಡಿದ್ದು ಬಾಯಿ. ನೀನು ಬಂದರೆ ಆ ಬಾಯಿಂದಲೇ ಹೇಳಿಸುತ್ತೇನೆ.